ಸೊಸೈಟಿ ಕಟ್ಟಿದ ಶಿವರಾಯರು

ನಮ್ಮ ಮರ್ಕಂಜದ ಕಡೆ ‘ಸೊಸೈಟಿ’ ಎಂದರೆ ಸಮಾಜ ಎಂಬ ಅರ್ಥ ಯಾರ ಮನಸ್ಸಿಗೂ ಬರುವುದಿಲ್ಲ. ಅದು ಊರಿನ ಸಹಕಾರಿ ಸಂಘ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಸಿಗುತ್ತಿದ್ದದ್ದು ಅಲ್ಲಿ. ಗೊಬ್ಬರ, ಮೈಲುತುತ್ತು ತರುವುದು ಅಲ್ಲಿಂದ. ಬೆಳೆಸಾಲ ಪಡೆಯುವುದು, ಮಗಳ ಮದುವೆಗೆಂದು ಠೇವಣಿ ಇಡುವುದು ಅಲ್ಲಿಯೇ. ‘ಸೊಸೈಟಿಗೆ ಹೋಗಿ ಬರುತ್ತೇನೆ’ ಎಂದು ಹೇಳಿ ಹೊರಟವರನ್ನು ‘ಏಕೆ’ ಎಂದು ಕೇಳುವ ಪದ್ಧತಿಯಿಲ್ಲ. ಹತ್ತು ಕೆಲಸಗಳಲ್ಲಿ ಒಂದು ಇದ್ದೇ ಇರುತ್ತದೆ. ಸುಳ್ಯ ತಾಲೂಕಿನ ಗುಡ್ಡಗಳ ನಡುವೆ, ಅರಂತೋಡು ಮತ್ತು ಎಲಿಮಲೆಗಳ ದಾರಿಯಲ್ಲಿ ಚದುರಿಕೊಂಡಿರುವ ಈ ಗ್ರಾಮದಲ್ಲಿ ಪೇಟೆ ಎನ್ನುವಂಥದು ಹೆಚ್ಚೇನೂ ಇಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟವೋ, ಗುಡ್ಡವೋ, ಹೊಳೆಯೋ ಇರುತ್ತದೆ. ಹೀಗೆ ದೂರ ದೂರ ಬದುಕುವ ಜನರು ಒಂದೆಡೆ ಸೇರುವ ಸ್ಥಳಗಳೆಂದರೆ ದೇವಸ್ಥಾನ, ಶಾಲೆ ಮತ್ತು ಸೊಸೈಟಿ.

ದೇವಸ್ಥಾನದ ಹಿಂದೆ ಐತಿಹ್ಯವಿರುತ್ತದೆ. ಶಾಲೆಯ ಗೋಡೆಯ ಮೇಲೆ ದಾನಿಗಳ ಹೆಸರಿರುತ್ತದೆ. ಸೊಸೈಟಿಗೆ ಮಾತ್ರ ಹುಟ್ಟಿನ ಕಥೆಯೇ ಇಲ್ಲವೆಂಬಂತೆ ನಮ್ಮ ಜನ ಅದನ್ನು ಬಳಸುತ್ತಾರೆ. ಮಳೆ ಬರುವಂತೆ, ಹೊಳೆ ಹರಿಯುವಂತೆ ಅದೂ ಇದೆ ಎಂಬ ಭಾವ. ಆದರೆ ಈ ಸೀಮೆಯಲ್ಲಿ ಸಹಕಾರ ಎಂಬ ವಿಚಾರವನ್ನು ತಂದು ನೆಟ್ಟ ಒಬ್ಬ ಮನುಷ್ಯರಿದ್ದರು. ಪುತ್ತೂರಿನ ವಕೀಲರಾದ ಮೊಳಹಳ್ಳಿ ಶಿವರಾಯರು. 1880ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಅವರನ್ನು ದಕ್ಷಿಣ ಕನ್ನಡದ ಸಹಕಾರಿಗಳು ‘ಸಹಕಾರಿ ಪಿತಾಮಹ’ ಎಂದು ಕರೆಯುತ್ತಾರೆ. ಸಹಕಾರ ಸಪ್ತಾಹ ಬಂದಾಗ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಜಿಲ್ಲೆಯ ಗಡಿ ದಾಟಿದರೆ ಅವರ ಹೆಸರನ್ನು ಬಲ್ಲವರು ವಿರಳ. ಜಿಲ್ಲೆಯೊಳಗೂ ಹೊಸ ತಲೆಮಾರಿಗೆ ಅದು ಒಂದು ರಸ್ತೆಯ ಅಥವಾ ಸಭಾಭವನದ ಹೆಸರಾಗಿ ಉಳಿದಿರುವುದೇ ಹೆಚ್ಚು.

ಅವರು ಮಂತ್ರಿಯಾದವರಲ್ಲ, ದೊಡ್ಡ ಉದ್ಯಮ ಕಟ್ಟಿದವರಲ್ಲ. ಅವರ ಕೆಲಸದ ನೆಲೆ ಪುತ್ತೂರು ಎಂಬ ಸಣ್ಣ ಪೇಟೆ. ಆದರೂ ಪುತ್ತೂರಿನಲ್ಲಿ ಕುಳಿತು ಅವರು ಮಾಡಿದ ಕೆಲಸ ಮರ್ಕಂಜದಂತಹ ಮೂಲೆಯ ಊರಿನ ಮನೆಯ ಅಂಗಳದವರೆಗೆ ಬಂದು ಮುಟ್ಟಿತು. ಅದು ಹೇಗೆ ಮುಟ್ಟಿತು, ನೂರು ವರ್ಷ ದಾಟಿಯೂ ಹೇಗೆ ಉಳಿಯಿತು ಎಂಬುದನ್ನು ವಿಚಾರಿಸುವುದು ಸಾರ್ವಜನಿಕ ಸೇವೆ ಎಂಬ ಪದ ಸವೆದುಹೋಗಿರುವ ಈ ದಿನಗಳಲ್ಲಿ ಅಗತ್ಯವೆಂದು ನನಗೆ ತೋರುತ್ತದೆ.

ಮೊದಲು ಆ ಸೀಮೆಯ ಸ್ಥಿತಿಯನ್ನು ತಿಳಿಯಬೇಕು. ಇಂದು ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕುಗಳಾಗಿರುವ ಪ್ರದೇಶದ ಬಹುಭಾಗ ಶಿವರಾಯರ ಕಾಲದಲ್ಲಿ ಒಂದೇ ಪುತ್ತೂರು ತಾಲೂಕು. ಸುಳ್ಯ ಬೇರೆಯಾದದ್ದು 1960ರ ದಶಕದಲ್ಲಿ. ಕಡಬ ತಾಲೂಕಾದದ್ದು ತೀರ ಈಚೆಗೆ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಇದಕ್ಕೂ ಹಿಂದೆ ಅಮರ ಸುಳ್ಯ ಸೀಮೆ ಕೊಡಗಿನ ಅರಸರ ಆಳ್ವಿಕೆಯಲ್ಲಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದಾಗ ಈ ಸೀಮೆಯನ್ನು ಕೊಡಗಿನಿಂದ ಕತ್ತರಿಸಿ ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯವರೆಗೆ ಬೆಳೆದ ಬೆಳೆಯಲ್ಲಿಯೇ ಕಂದಾಯ ಅಳೆಯುತ್ತಿದ್ದ ರೈತ ಇನ್ನು ಮೇಲೆ ನಗದು ಕಟ್ಟಬೇಕೆಂದಾಯಿತು. ಗುಡ್ಡದ ನಡುವಿನ ರೈತನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಅದು ಸಾಹುಕಾರನಿಂದ ಬಂತು, ವ್ಯಾಪಾರಿಯಿಂದ ಬಂತು, ಬಡ್ಡಿಯೊಡನೆ ಬಂತು.

1837ರ ಅಮರ ಸುಳ್ಯದ ದಂಗೆಗೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಈ ನಗದು ಕಂದಾಯದ ಹೊರೆಯೂ ಒಂದು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತನದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು, ಮಂಗಳೂರಿಗೆ ನಡೆದರು, ಹದಿಮೂರು ದಿನ ಅದನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡರು. ದಂಗೆಯನ್ನು ಅಡಗಿಸಿದ ಮೇಲೆ ನೇಣುಗಂಬಗಳು ಎದ್ದವು. ಮಂಗಳೂರಿನಲ್ಲಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಸ್ಥಾಪನೆಯಾಯಿತು. ಅದು ಆಗಬೇಕಾದದ್ದೇ. ಆದರೆ ದಂಗೆ ಮುಗಿದ ಮೇಲೂ ನಗದಿನ ಸಮಸ್ಯೆ ಹಾಗೆಯೇ ಉಳಿಯಿತು ಎಂಬುದನ್ನೂ ನೆನಪಿಡಬೇಕು. ಬಂದೂಕಿಗೆ ಬಗ್ಗದ ಆ ಸಮಸ್ಯೆಗೆ ಉತ್ತರವೊಂದು ಸಿಗಲು ಎಪ್ಪತ್ತೆರಡು ವರ್ಷಗಳು ಬೇಕಾದವು.

ಅಡಿಕೆ ಕೃಷಿಯ ವರ್ಷಚಕ್ರವನ್ನು ಬಲ್ಲವರಿಗೆ ಈ ಸಮಸ್ಯೆಯ ಸ್ವರೂಪ ತಟ್ಟನೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಖರ್ಚು, ಬೇಸಗೆಯಲ್ಲಿ ಆದಾಯ. ಕೊಳೆರೋಗ ಬಾರದಂತೆ ಮಳೆಯ ನಡುವೆಯೇ ಮರ ಹತ್ತಿಸಿ ಮದ್ದು ಬಿಡಿಸಬೇಕು, ಆಳುಗಳಿಗೆ ಕೂಲಿ ಕೊಡಬೇಕು. ಆಟಿ ತಿಂಗಳಲ್ಲಿ ಮನೆಯ ಅಕ್ಕಿಮುಡಿ ಬರಿದಾಗಿರುತ್ತದೆ. ಅಡಿಕೆ ಕೊಯ್ದು, ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿಸಿ, ಸುಲಿದು, ಚಾಲಿ ಮಾಡಿ ಮಾರುವ ಹೊತ್ತಿಗೆ ಮುಂದಿನ ವರ್ಷ ಬಂದಿರುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಕೈಸಾಲ ಕೊಟ್ಟ ವ್ಯಾಪಾರಿಗೇ ಅಡಿಕೆ ಹಾಕಬೇಕು. ಅವನು ಹೇಳಿದ್ದೇ ಧಾರಣೆ, ಅವನು ಹಿಡಿದದ್ದೇ ತಕ್ಕಡಿ. ಸಾಲ ಕೊಟ್ಟವನೂ ಮಾಲು ಕೊಳ್ಳುವವನೂ ಒಬ್ಬನೇ ಆದಾಗ ರೈತನ ಬಾಯಿ ಕಟ್ಟಿಹೋಗುತ್ತದೆ. ವ್ಯಾಪಾರಿ ದುಷ್ಟನಾಗಿರಬೇಕೆಂದೇನೂ ಇಲ್ಲ. ಲೆಕ್ಕದ ಪುಸ್ತಕ ಅವನ ಪೆಟ್ಟಿಗೆಯಲ್ಲಿ ಇರುವವರೆಗೆ ರೈತನಿಗೆ ತನ್ನ ಸಾಲ ಎಷ್ಟೆಂದು ಅವನಿಂದಲೇ ಕೇಳಿ ತಿಳಿಯಬೇಕಾದ ಸ್ಥಿತಿ.

ಈ ಗಂಟನ್ನು ಬಿಡಿಸಲು ಸಾಧ್ಯವಾಗುವಂಥ ಒಂದು ಕಾನೂನು 1904ರಲ್ಲಿ ಬಂತು. ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಪ್ರಕಾರ ಒಂದೇ ಊರಿನ ಹತ್ತು ಮಂದಿ ಸೇರಿ ಸಂಘ ಕಟ್ಟಿ ನೋಂದಾಯಿಸಬಹುದು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗಾರಿಕೆ ಅಪರಿಮಿತ. ಅಂದರೆ ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬನೂ ತನ್ನ ಆಸ್ತಿಯವರೆಗೆ ಬಾಧ್ಯ. ಮೇಲ್ನೋಟಕ್ಕೆ ಭಯ ಹುಟ್ಟಿಸುವ ಈ ನಿಯಮದ ಮರ್ಮ ದೊಡ್ಡದು. ನೆರೆಮನೆಯವನ ಸಾಲಕ್ಕೆ ನಾನೂ ಬಾಧ್ಯನೆಂದಾದರೆ ಅವನು ಸಾಲದ ಹಣವನ್ನು ತೋಟಕ್ಕೆ ಹಾಕಿದನೋ ಕೋಳಿ ಅಂಕಕ್ಕೆ ಹಾಕಿದನೋ ಎಂಬುದನ್ನು ನಾನೇ ನೋಡಿಕೊಳ್ಳುತ್ತೇನೆ. ಪೇಟೆಯ ಬ್ಯಾಂಕಿಗೆ ರೈತನ ಗುಣ ಗೊತ್ತಿಲ್ಲ, ಆದ್ದರಿಂದ ಅದು ಚಿನ್ನವನ್ನೋ ಜಮೀನಿನ ಪತ್ರವನ್ನೋ ಕೇಳುತ್ತದೆ. ಊರಿಗೆ ಅವನ ಗುಣ ಗೊತ್ತಿದೆ. ಹಾಗೆ ಊರಿನ ತಿಳಿವಳಿಕೆಯೇ ಜಾಮೀನಾಯಿತು.

ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ಕನ್ನಡ ನಾಡಿನ ಸಹಕಾರ ಚರಿತ್ರೆಯ ಮೊದಲ ಪುಟ. ಅದು ಮುಂಬಯಿ ಪ್ರಾಂತ್ಯದಲ್ಲಿ. ಮದ್ರಾಸು ಪ್ರಾಂತ್ಯದ ನಮ್ಮ ಕರಾವಳಿಯಲ್ಲಿ ಆ ಕೆಲಸ ಶಿವರಾಯರ ಪಾಲಿಗೆ ಬಂತು. 1909ರಲ್ಲಿ ಅವರು ಪುತ್ತೂರಿನಲ್ಲಿ ಆರಂಭಿಸಿದ ಸಂಘವೇ ಇಂದಿನ ಪುತ್ತೂರು ಕೋ-ಆಪರೇಟಿವ್ ಟೌನ್ ಬ್ಯಾಂಕ್. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅವರು ಮುಂದಿಟ್ಟ ಹೆಜ್ಜೆಗಳ ಕ್ರಮವನ್ನು ನೋಡಿದರೆ ಆ ವಕೀಲರ ಬುದ್ಧಿಯ ನಡಿಗೆ ಕಾಣುತ್ತದೆ. 1904ರ ಕಾಯಿದೆಯಲ್ಲಿ ಅವಕಾಶವಿದ್ದದ್ದು ಪತ್ತಿನ ಸಂಘಗಳಿಗೆ ಮಾತ್ರ. ಸಣ್ಣ ಸಣ್ಣ ಸಂಘಗಳಿಗೆ ಬಂಡವಾಳ ಸಾಲದೆ ಹೋದರೆ ಅವು ಯಾರ ಬಳಿ ಹೋಗಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 1912ರ ಕಾಯಿದೆ ಆ ಕೊರತೆಯನ್ನು ತುಂಬಿ, ಸಂಘಗಳೇ ಸೇರಿ ಕೇಂದ್ರ ಬ್ಯಾಂಕು ಕಟ್ಟಲು, ಪತ್ತಿನ ಹೊರತಾದ ಉದ್ದೇಶಗಳಿಗೂ ಸಂಘ ರಚಿಸಲು ದಾರಿ ಮಾಡಿತು. ಎರಡೇ ವರ್ಷಗಳಲ್ಲಿ, 1914ರಲ್ಲಿ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಶಿವರಾಯರು ಪುತ್ತೂರಿನಲ್ಲಿಯೇ ಅಡಿಗಲ್ಲು ಹಾಕಿದರು. ಅದು ಅನಂತರ ಮಂಗಳೂರಿಗೆ ಹೋಯಿತು. 1919ರಲ್ಲಿ ಕೃಷಿಕರ ಉತ್ಪನ್ನಗಳ ಮಾರಾಟಕ್ಕೆಂದೇ ದಕ್ಷಿಣ ಕನ್ನಡ ಕೃಷಿಕರ ಸಹಕಾರಿ ಸಂಘ ಹುಟ್ಟಿತು. ಮೊದಲು ಸಾಲ, ಆಮೇಲೆ ಸಾಲಕ್ಕೆ ಮೂಲಧನ, ಆಮೇಲೆ ಮಾರುಕಟ್ಟೆ. ರೈತನನ್ನು ಕಟ್ಟಿಹಾಕಿದ್ದ ಹಗ್ಗದ ಮೂರು ಎಳೆಗಳನ್ನು ಹತ್ತೇ ವರ್ಷಗಳಲ್ಲಿ ಒಂದೊಂದಾಗಿ ಬಿಚ್ಚುವ ಕೆಲಸ ಹೀಗೆ ಆರಂಭವಾಯಿತು. ರೈಲು ಮಂಗಳೂರಿಗೆ ಬಂದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ಪುತ್ತೂರಿನ ಒಳಗಿನ ಊರುಗಳಿಗೆ ನಡೆದು, ಎತ್ತಿನ ಗಾಡಿಯಲ್ಲಿ ಕುಳಿತು ಹೋಗಬೇಕಿತ್ತು. ಮಳೆಗಾಲದಲ್ಲಿ ಅಡಿಕೆ ಮರದ ಪಾಲ ದಾಟುವ ಧೈರ್ಯವಿರಬೇಕಿತ್ತು.

ಇಂಥ ಕೆಲಸದಲ್ಲಿ ರೋಚಕವಾದದ್ದು ಏನೂ ಇಲ್ಲ. ಉಪನಿಯಮಗಳನ್ನು ಬರೆಯಬೇಕು, ಹತ್ತು ಮಂದಿಯನ್ನು ಒಪ್ಪಿಸಬೇಕು, ರಿಜಿಸ್ಟ್ರಾರರಿಗೆ ಅರ್ಜಿ ಕಳುಹಿಸಬೇಕು, ನಡಾವಳಿ ದಾಖಲಿಸಬೇಕು, ಲೆಕ್ಕ ಪರಿಶೋಧನೆಗೆ ಕಡತ ಒದಗಿಸಬೇಕು, ಸುಸ್ತಿದಾರರ ಮನೆಗೆ ಹೋಗಿ ಕೇಳಬೇಕು. ಮರುದಿನ ಪತ್ರಿಕೆಯಲ್ಲಿ ಹೆಸರು ಬರುವ ಕೆಲಸವಲ್ಲ ಇದು. ಆದರೆ ನನ್ನ ಅಜ್ಜನ ತಲೆಮಾರಿನ ರೈತನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿರಲಿಲ್ಲ. ಸಾಹುಕಾರನ ಜಗಲಿಯ ಕೆಳಗೆ ನಿಂತು ಕೇಳುತ್ತಿದ್ದವನು ಸಂಘದ ಸದಸ್ಯನಾಗಿ ಬೆಂಚಿನ ಮೇಲೆ ಕುಳಿತು ಕೇಳತೊಡಗಿದ. ಅವನ ಕೈಗೆ ಒಂದು ಪಾಸ್‌ಪುಸ್ತಕ ಬಂತು. ಅಕ್ಷರ ಬಾರದ ಅಜ್ಜ ಆ ಪುಸ್ತಕವನ್ನು ಮೊಮ್ಮಕ್ಕಳಿಂದ ಓದಿಸುತ್ತಿದ್ದರು; ಸಂಖ್ಯೆ ಸರಿಯಿದೆಯೆಂದು ಖಚಿತವಾದ ಮೇಲೆಯೇ ಮಡಚಿ ಪೆಟ್ಟಿಗೆಯಲ್ಲಿಡುತ್ತಿದ್ದರು. ತನ್ನ ಸಾಲದ ಲೆಕ್ಕ ತನ್ನ ಮನೆಯಲ್ಲಿಯೇ ಇರುವುದು ಎಷ್ಟು ದೊಡ್ಡ ಸ್ವಾತಂತ್ರ್ಯವೆಂಬುದು ಅವರಿಗೆ ಗೊತ್ತಿತ್ತು.

ಆ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ನನ್ನ ತಂದೆ ಕೆಲವು ವರ್ಷ ಸೊಸೈಟಿಯೊಂದರ ನಿರ್ದೇಶಕರಾಗಿದ್ದರು. ಆ ಅವಧಿಯಲ್ಲಿ ನನ್ನ ಚಿಕ್ಕಪ್ಪನೇ ಹೊಸ ಸಾಲಕ್ಕೆ ಅರ್ಜಿ ಹಾಕಿದರು. ಹಳೆಯ ಸಾಲ ಸುಸ್ತಿಯಾಗಿತ್ತು. ಅರ್ಜಿ ಸಭೆಯ ಮುಂದೆ ಬಂದಾಗ ತಂದೆಯವರು ಎದ್ದು ಹೊರಗಿನ ಜಗಲಿಯಲ್ಲಿ ಕುಳಿತರಂತೆ. ಅವರಿಲ್ಲದ ಸಭೆ ಅರ್ಜಿಯನ್ನು ತಿರಸ್ಕರಿಸಿತು. ‘ಒಳಗೆ ಕುಳಿತು ಅಣ್ಣ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು’ ಎಂಬ ಚಿಕ್ಕಪ್ಪನ ಪ್ರಶ್ನೆ ಎರಡು ದೀಪಾವಳಿಗಳವರೆಗೆ ಎರಡು ಮನೆಗಳ ನಡುವೆ ನಿಂತಿತ್ತು. ತಂದೆಯವರಿಗೂ ಅದರ ನೋವು ಇತ್ತು. ಅಜ್ಜಿಯ ಮುಖ ನೋಡಿ ಊಟ ಬಿಟ್ಟು ಎದ್ದದ್ದೂ ಉಂಟು. ಆದರೆ ‘ಅದು ನನ್ನ ಹಣ ಅಲ್ಲವಲ್ಲ’ ಎಂಬುದಕ್ಕಿಂತ ಹೆಚ್ಚಿನ ಸಮರ್ಥನೆಯನ್ನು ಅವರು ಎಂದೂ ಕೊಡಲಿಲ್ಲ. ಮೂರನೆಯ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಚಿಕ್ಕಪ್ಪ ಸುಸ್ತಿ ತೀರಿಸಿದರು, ಸಾಲವೂ ಸಿಕ್ಕಿತು, ಮಾತೂ ಬಂತು. ಇಂಥ ಸಣ್ಣ ಸಣ್ಣ ಕಷ್ಟಗಳನ್ನು ಹೆಸರಿಲ್ಲದ ನೂರಾರು ನಿರ್ದೇಶಕರು, ಗುಮಾಸ್ತರು, ಕಾರ್ಯದರ್ಶಿಗಳು ತಾಳಿಕೊಂಡದ್ದರಿಂದಲೇ ದಕ್ಷಿಣ ಕನ್ನಡ ಕೃಷಿ ಸಾಲದ ಮರುಪಾವತಿಗೆ ಹೆಸರಾದ ಜಿಲ್ಲೆಯಾಯಿತು. ಸ್ಥಾಪಕನ ಹಿರಿಮೆ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ: ಅವರನ್ನು ಕಣ್ಣಿಂದಲೂ ಕಾಣದ ಜನ ಅವರು ತೋರಿದ ಕಟ್ಟುಪಾಡಿಗೆ ತಲೆಬಾಗಿ ನಡೆದುಕೊಂಡರು.

ಶಿವರಾಯರ ಕೆಲಸ ಹಣಕಾಸಿಗೆ ಸೀಮಿತವಾಗಿರಲಿಲ್ಲ. ಅವರು ಪುತ್ತೂರು ತಾಲೂಕು ಬೋರ್ಡಿನ ಅಧ್ಯಕ್ಷರಾಗಿ ಕೆಲಸ ಮಾಡಿದವರು. ತಾಲೂಕು ಬೋರ್ಡೆಂದರೆ ಮದ್ರಾಸು ಪ್ರಾಂತ್ಯದ ಸ್ಥಳೀಯ ಆಡಳಿತದ ಒಂದು ಮೆಟ್ಟಿಲು. ಶಾಲೆ, ರಸ್ತೆ, ಔಷಧಾಲಯಗಳಂಥ ಜನರ ನಿತ್ಯದ ಅಗತ್ಯಗಳು ಅದರ ಪಾಲಿನವು. ಹೈಸ್ಕೂಲು ಓದಬೇಕಾದರೆ ಮಕ್ಕಳು ಮಂಗಳೂರಿಗೆ ಹೋಗಬೇಕಾಗಿದ್ದ ಕಾಲದಲ್ಲಿ, 1916ರಲ್ಲಿ, ಪುತ್ತೂರಿನ ಕೊಂಬೆಟ್ಟಿನಲ್ಲಿ ಬೋರ್ಡ್ ಹೈಸ್ಕೂಲು ತೆರೆಯಲು ಅವರು ಕಾರಣರಾದರು. ನೂರು ವರ್ಷ ದಾಟಿದ ಆ ಶಾಲೆ ಇಂದು ಸರಕಾರಿ ಪದವಿಪೂರ್ವ ಕಾಲೇಜು. ಸಂಘಕ್ಕೂ ಶಾಲೆಗೂ ಅವರ ಮನಸ್ಸಿನಲ್ಲಿ ಸಂಬಂಧವಿದ್ದಿರಬೇಕು. ಓದು ಬರಹ ಬಲ್ಲ ಸದಸ್ಯರಿಲ್ಲದ ಸಂಘ ಮತ್ತೆ ಯಾರೋ ಒಬ್ಬ ಬಲ್ಲಿದನ ಕೈಗೆ ಹೋಗುತ್ತದೆ. ಲೆಕ್ಕ ಓದಲು ಬಂದವನೇ ಲೆಕ್ಕ ಕೇಳಬಲ್ಲ.

ಪುತ್ತೂರಿಗೆ ಬಂದು ನೆಲೆಸಿದ ಶಿವರಾಮ ಕಾರಂತರಿಗೆ ಊರಿನ ಹಿರಿಯರಾಗಿ ಬೆಂಬಲ ಕೊಟ್ಟವರಲ್ಲಿಯೂ ಶಿವರಾಯರಿದ್ದರು. 1930ರ ದಶಕದಲ್ಲಿ ಇವರಿಬ್ಬರ ಉತ್ಸಾಹದಿಂದ ಪುತ್ತೂರಿನಲ್ಲಿ ನಡೆದ ದಸರಾ ನಾಡಹಬ್ಬದ ನೆನಪು ಇಂದಿಗೂ ಆ ಊರಿನ ಹೆಮ್ಮೆಯ ಭಾಗ. ಒಬ್ಬರು ಯಾವ ಸಂಸ್ಥೆಯ ಚೌಕಟ್ಟಿಗೂ ಒಗ್ಗದ ಸ್ವಚ್ಛಂದ ಪ್ರತಿಭೆ. ಇನ್ನೊಬ್ಬರು ಸಂಸ್ಥೆಗಳನ್ನೇ ಕಟ್ಟುತ್ತ ಬದುಕಿದವರು. ಕಾರಂತರ ಹೆಸರು ಜ್ಞಾನಪೀಠದವರೆಗೆ ಹೋಯಿತು, ಬಾಲವನ ಯಾತ್ರಾಸ್ಥಳವಾಯಿತು. ಶಿವರಾಯರ ಕೆಲಸ ಪಾಸ್‌ಪುಸ್ತಕಗಳಲ್ಲಿ ಹಂಚಿಹೋಯಿತು. ಒಂದು ಸಣ್ಣ ಪೇಟೆಗೆ ಎರಡೂ ಬಗೆಯವರು ಬೇಕು. ಒಬ್ಬರನ್ನು ನೆನೆಯುವುದು ನಮಗೆ ಸುಲಭವಾಗಿದೆ, ಇನ್ನೊಬ್ಬರನ್ನು ನೆನೆಯುವ ಬಗೆಯನ್ನು ನಾವಿನ್ನೂ ಕಲಿಯಬೇಕಾಗಿದೆ.

ಬ್ಯಾಂಕುಗಳ ಜಿಲ್ಲೆಯೆಂದು ದಕ್ಷಿಣ ಕನ್ನಡಕ್ಕಿದ್ದ ಖ್ಯಾತಿ ನಗರದ ಓದುಗರಿಗೆ ಹೊಸದಲ್ಲ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್. ಇವು ನಾಲ್ಕೂ ರಾಷ್ಟ್ರೀಕರಣಗೊಂಡು ದೇಶವ್ಯಾಪಿಯಾದವು. 2019ರ ಏಪ್ರಿಲ್ ಒಂದರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ ಸೇರಿಹೋದವು. ಕರಾವಳಿಯ ಜನ ದುಃಖಪಟ್ಟರು, ಪತ್ರಿಕೆಗಳಲ್ಲಿ ಬರೆದರು, ಸಭೆಗಳಲ್ಲಿ ಪ್ರತಿಭಟಿಸಿದರು. ನಿರ್ಧಾರ ನಡೆದದ್ದು ದೆಹಲಿಯಲ್ಲಿ. ಅದನ್ನು ತಡೆಯುವ ಅಧಿಕಾರ ಆ ಬ್ಯಾಂಕುಗಳ ಹಳೆಯ ಗ್ರಾಹಕರಲ್ಲಿ ಯಾರಿಗೂ ಇರಲಿಲ್ಲ.

ಅವೇ ವರ್ಷಗಳಲ್ಲಿ ಊರಿನ ಸೊಸೈಟಿಗಳು ತಮ್ಮ ಹೆಸರಿನೊಡನೆ ಉಳಿದುಕೊಂಡವು. ದೊಡ್ಡ ಬ್ಯಾಂಕುಗಳ ಕೊಡುಗೆಯನ್ನು ಕಡಿಮೆ ಮಾಡಲು ಈ ಹೋಲಿಕೆಯನ್ನು ನಾನು ಕೊಡುತ್ತಿಲ್ಲ. ಹಳ್ಳಿಯ ಹುಡುಗರು ಅಧಿಕಾರಿಗಳಾಗಿ ದೇಶವೆಲ್ಲ ತಿರುಗಿದ್ದು ಆ ಬ್ಯಾಂಕುಗಳಿಂದಲೇ. ಒಡೆತನದ ಪ್ರಶ್ನೆಯನ್ನು ಎತ್ತುವುದಷ್ಟೇ ನನ್ನ ಉದ್ದೇಶ. ಸೊಸೈಟಿಯಲ್ಲಿ ನೂರು ಶೇರು ಇದ್ದವನಿಗೂ ಒಂದೇ ಮತ, ಒಂದು ಶೇರು ಇದ್ದವನಿಗೂ ಒಂದೇ ಮತ. ಮರ್ಕಂಜದ ಸದಸ್ಯ ಒಪ್ಪದೆ ಮರ್ಕಂಜದ ಸಂಘವನ್ನು ಹೊರಗಿನವರು ಕೊಳ್ಳಲಾರರು. ಈ ಮಣ್ಣಿನಲ್ಲಿ ಅದೇ ತತ್ತ್ವ 1973ರಲ್ಲಿ ಇನ್ನೊಮ್ಮೆ ಚಿಗುರಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ರೈತರನ್ನು ಸೇರಿಸಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿಯೇ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಬೆಳೆದವರೇ ಸೇರಿ ಮಾರುವ ಪಾಠವನ್ನು ಪುತ್ತೂರು 1919ರಷ್ಟು ಹಿಂದೆಯೇ ಓದಿತ್ತು.

ಹೀಗೆಂದು ಎಲ್ಲವನ್ನೂ ಹೊಗಳಿ ಮುಗಿಸಿದರೆ ಅದು ಚರಿತ್ರೆಗೆ ಮಾಡುವ ಅಪಚಾರ. ಸಹಕಾರದ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಭೂಮಿಯ ಹಕ್ಕಿದ್ದವನಿಗೆ ಸಾಲ ಸುಲಭ. ಧಣಿಯ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವನಿಗೆ ಕಷ್ಟ. ಭೂಮಿಯೇ ಇಲ್ಲದ ದಲಿತನಿಗೆ ಇನ್ನೂ ಕಷ್ಟ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಒಡೆಯರಾದಾಗಲೇ ಕರಾವಳಿಯ ಸೊಸೈಟಿಗಳ ಸದಸ್ಯತ್ವ ನಿಜವಾಗಿ ವಿಸ್ತಾರವಾದದ್ದು. ಹೆಂಗಸರ ಹೆಸರಿನಲ್ಲಿ ಪಾಸ್‌ಪುಸ್ತಕ ಬರಲು ಇನ್ನಷ್ಟು ಕಾಲ ಬೇಕಾಯಿತು. ನನ್ನ ಅಜ್ಜಿ ಜೀವಮಾನವಿಡೀ ಅಡಿಕೆ ಸುಲಿದರು. ಅವರ ಹೆಸರಿನಲ್ಲಿ ಒಂದು ಶೇರೂ ಇರಲಿಲ್ಲ. ಶಿವರಾಯರ ತಲೆಮಾರು ಓದಿದವರ, ಉಳ್ಳವರ ತಲೆಮಾರು. ಅವರ ಹಿರಿಮೆಯೆಂದರೆ ತಮಗೆ ಮಾತ್ರ ಒದಗಿದ್ದ ತಿಳಿವಳಿಕೆಯನ್ನು ಮುಂದೆ ಎಲ್ಲರೂ ಬಳಸಬಹುದಾದ ಸಂಸ್ಥೆಯಾಗಿ ಮಾರ್ಪಡಿಸಿದ್ದು. ಬಾಗಿಲನ್ನು ಅಗಲ ಮಾಡುವ ಕೆಲಸ ಅನಂತರದವರದಾಗಿತ್ತು. ಅದಿನ್ನೂ ಮುಗಿದಿಲ್ಲ.

ಇಂದು ಆ ಪರಂಪರೆಯ ಮುಂದಿರುವ ಕಷ್ಟಗಳು ಬೇರೆ ಬಗೆಯವು. ಮರ್ಕಂಜ, ಅರಂತೋಡು, ಸಂಪಾಜೆಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತ ಬಂದಿದೆ. ಕೇರಳದಲ್ಲಿ ಈ ರೋಗ ಮೊದಲು ಕಂಡದ್ದು 1914ರಲ್ಲಿ, ಜಿಲ್ಲಾ ಕೇಂದ್ರ ಬ್ಯಾಂಕು ಹುಟ್ಟಿದ ವರ್ಷವೇ. ನೂರು ವರ್ಷಗಳ ಸಂಶೋಧನೆಯ ಅನಂತರವೂ ಅದಕ್ಕೆ ಖಚಿತವಾದ ಮದ್ದಿಲ್ಲ. ರೋಗ ತಗಲಿದ ಮರ ಸಾಯದೆ, ಫಲವನ್ನೂ ಕೊಡದೆ ವರ್ಷಗಟ್ಟಲೆ ನಿಂತಿರುತ್ತದೆ. ಮೂರು ಖಂಡಿ ಅಡಿಕೆ ಆಗುತ್ತಿದ್ದ ತೋಟದಲ್ಲಿ ಮನೆಖರ್ಚಿಗೂ ಸಾಲದಷ್ಟು ಆಗುವ ಸ್ಥಿತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯಿಲ್ಲದ ಬೆಳೆಸಾಲ ಕೊಡುವ ಯೋಜನೆ ರಾಜ್ಯದಲ್ಲಿದೆ, ನಿಜ. ಆದರೆ ಕಟ್ಟಲು ಬೆಳೆಯೇ ಇಲ್ಲದಾಗ ಶೂನ್ಯ ಬಡ್ಡಿಯಿಂದ ಏನು ಪ್ರಯೋಜನ? ಸಾಲ ಮನ್ನಾ ಎಂಬ ಘೋಷಣೆ ಚುನಾವಣೆಗೊಮ್ಮೆ ಬರುತ್ತದೆ. ಕಟ್ಟಿದವನು ದಡ್ಡ, ಕಟ್ಟದವನು ಜಾಣ ಎಂಬ ಭಾವನೆಯನ್ನು ಬಿಟ್ಟುಹೋಗುತ್ತದೆ. ತೋಟ ಕಳೆದುಕೊಂಡವನಿಗೆ ಬೇರೆ ಬೆಳೆಗೆ ದೀರ್ಘಾವಧಿಯ ಬಂಡವಾಳ, ಹೊಸ ಗಿಡ ಫಲಕ್ಕೆ ಬರುವವರೆಗೆ ಬದುಕುವ ದಾರಿ, ಇವನ್ನು ಯೋಚಿಸಬೇಕಾದದ್ದು ಅವನನ್ನು ಹೆಸರಿಡಿದು ಬಲ್ಲ ಸಂಸ್ಥೆ. ಅಂದರೆ ಊರಿನ ಸೊಸೈಟಿ, ಮತ್ತು ಅದರ ಬೆನ್ನಿಗೆ ನಿಲ್ಲುವ ಸರಕಾರ.

ಎರಡನೆಯ ಕಷ್ಟ ನಮ್ಮ ಸ್ಥಳೀಯ ಆಡಳಿತದ್ದು. ಶಿವರಾಯರು ಅಧ್ಯಕ್ಷರಾಗಿದ್ದ ಬಗೆಯ ತಾಲೂಕು ಬೋರ್ಡುಗಳನ್ನು ಮದ್ರಾಸು ಸರಕಾರ 1934ರಲ್ಲಿ ರದ್ದು ಮಾಡಿತು. ಪಂಚಾಯತ್ ರಾಜ್ಯದ ಮಾತನ್ನು ದೇಶಕ್ಕೇ ಕಲಿಸಿದೆವೆಂದು ಬೀಗುವ ನಮ್ಮ ರಾಜ್ಯದಲ್ಲಿ, 2016ರಲ್ಲಿ ಆಯ್ಕೆಯಾದ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನೋಡಿಕೊಂಡರು. ಬೀದಿಗಿಳಿದು ಕೇಳಿದವರೂ ಹೆಚ್ಚಿಲ್ಲ. ಪರದೇಶದವರ ಆಳ್ವಿಕೆಯಲ್ಲಿ ಒಬ್ಬ ತಾಲೂಕು ಬೋರ್ಡ್ ಅಧ್ಯಕ್ಷ ತನ್ನ ಕೈಗೆ ಬಂದ ಅಲ್ಪಸ್ವಲ್ಪ ಅಧಿಕಾರದಿಂದ ಏನು ಮಾಡಬಹುದೆಂಬುದನ್ನು ನೋಡಿದವರಿಗೆ ಈ ಖಾಲಿ ಕುರ್ಚಿಗಳು ಚುಚ್ಚಬೇಕು.

ಮೂರನೆಯದು ಸಹಕಾರದ ಒಳಗಿನದೇ. ಸಂಘಗಳ ಚುನಾವಣೆ ಪಕ್ಷಗಳ ಬಲಾಬಲದ ಪರೀಕ್ಷೆಯಾಗಿದೆ. ನಿರ್ದೇಶಕನ ಸ್ಥಾನ ಮುಂದಿನ ಪದವಿಗೆ ಹತ್ತುವ ಮೆಟ್ಟಿಲಾಗಿದೆ. ಬೆಂಗಳೂರಿನಂಥ ನಗರದಲ್ಲಿ ಸಹಕಾರದ ಹೆಸರು ಹೊತ್ತ ಸಂಸ್ಥೆಗಳಲ್ಲಿ ಜೀವಮಾನದ ಉಳಿತಾಯವಿಟ್ಟು ಕಣ್ಣೀರಿಟ್ಟ ನಿವೃತ್ತರನ್ನು ನಾವು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. ಹೆಚ್ಚಿನ ಬಡ್ಡಿಯ ಆಸೆಗೆ ಹಣವಿಟ್ಟವರಲ್ಲಿ ಎಷ್ಟು ಮಂದಿ ಆ ಸಂಸ್ಥೆಯ ಮಹಾಸಭೆಗೆ ಹೋಗಿದ್ದರು, ಎಷ್ಟು ಮಂದಿ ಲೆಕ್ಕಪರಿಶೋಧನಾ ವರದಿಯನ್ನು ಓದಿದ್ದರು ಎಂದು ಕೇಳಿದರೆ ನೊಂದವರ ಗಾಯಕ್ಕೆ ಉಪ್ಪು ಸವರಿದಂತಾದೀತು. ಆದರೂ ಕೇಳಬೇಕಾದ ಪ್ರಶ್ನೆ ಅದೇ. ನೆರೆಹೊರೆಯ ಕಣ್ಗಾವಲಿನ ಮೇಲೆ ನಿಂತ ವ್ಯವಸ್ಥೆ ಇದು. ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಠೇವಣಿದಾರರ ನಡುವೆ ಆ ಕಣ್ಣು ಮುಚ್ಚಿಹೋದಾಗ ಉಳಿಯುವುದು ಸಹಕಾರದ ಬೋರ್ಡು ಮಾತ್ರ. 2025ನ್ನು ವಿಶ್ವಸಂಸ್ಥೆ ಅ೦ತರರಾಷ್ಟ್ರೀಯ ಸಹಕಾರ ವರ್ಷವೆಂದು ಆಚರಿಸಿತು. ಕೇಂದ್ರದಲ್ಲಿ ಸಹಕಾರಕ್ಕೆಂದೇ 2021ರಿಂದ ಸಚಿವಾಲಯವಿದೆ. ಮೇಲಿನಿಂದ ಬರುವ ಇಂಥ ಗೌರವಗಳು ಕೆಳಗಿನ ಎಚ್ಚರಕ್ಕೆ ಬದಲಿಯಾಗಲಾರವು.

ಶಿವರಾಯರಂಥವರ ಜೀವನವನ್ನು ನೆನೆಯುವುದು ಸುಲಭವಲ್ಲ ಎಂದೆ. ಅವರ ಬದುಕಿನಲ್ಲಿ ಸೆರೆಮನೆಯ ಕಥೆಯನ್ನೋ ಕಿಚ್ಚಿನ ಭಾಷಣವನ್ನೋ ಹುಡುಕುವವರಿಗೆ ನಿರಾಶೆಯಾದೀತು. ಸಿಗುವುದು ಸಾಲುಸಾಲಾಗಿ ಸಂಸ್ಥೆಗಳು, ಅವುಗಳ ಸ್ಥಾಪನೆಯ ವರ್ಷಗಳು. ಆದರೆ ಆ ವರ್ಷಗಳ ನಡುವೆ ಒಬ್ಬ ವಕೀಲರು ತಮ್ಮ ಕಕ್ಷಿದಾರರ ಹೊತ್ತನ್ನು, ಮನೆಯ ಹೊತ್ತನ್ನು ಕಳೆದು ಊರಿಗೆ ಕೊಟ್ಟ ಸಾವಿರಾರು ಸಂಜೆಗಳಿವೆ. ಸಂಬಳವಿಲ್ಲದೆ, ಆಗಾಗ ಬೈಗುಳದೊಡನೆ ನಡೆಯುವ ಕೆಲಸ ಅದು. ತಾನು ಹೋದ ಮೇಲೆಯೂ ನಡೆಯುವ ಹಾಗೆ ನಿಯಮಗಳನ್ನು ಕಟ್ಟಿಟ್ಟು, ತನ್ನ ಅಗತ್ಯವೇ ಇಲ್ಲದಂತೆ ಮಾಡಿಹೋಗುವುದು ಎಲ್ಲ ಮುಂದಾಳುಗಳಿಗೆ ಸಾಧ್ಯವಾಗುವ ಮಾತಲ್ಲ. ಮುಂದಾಳು ತೀರಿಕೊಂಡ ಮರುವರ್ಷವೇ ಬೀಗ ಬಿದ್ದ ಸಂಸ್ಥೆಗಳನ್ನು ನಾವೆಲ್ಲರೂ ಕಂಡಿದ್ದೇವೆ.

ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಸದಸ್ಯರ ಮನೆಗೆ ವರದಿಯ ಪುಸ್ತಿಕೆ ಬರುತ್ತದೆ. ನಮ್ಮಲ್ಲಿ ಬಹುಮಂದಿ ಅದರಲ್ಲಿ ಡಿವಿಡೆಂಡ್ ಎಷ್ಟೆಂಬ ಸಾಲನ್ನು ನೋಡಿ ಮಡಚಿಡುತ್ತೇವೆ. ಈ ಸಲ ಅದರ ಕೊನೆಯ ಪುಟಗಳನ್ನೂ ತೆರೆಯಬಹುದು: ಸುಸ್ತಿ ಸಾಲ ಎಷ್ಟಿದೆ, ಯಾಕೆ ಏರಿದೆ, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಗಳಿಗೆ ಆಡಳಿತ ಮಂಡಳಿ ಏನು ಉತ್ತರ ಕೊಟ್ಟಿದೆ, ತೋಟ ಕಳೆದುಕೊಂಡ ಸದಸ್ಯರಿಗಾಗಿ ಏನು ಯೋಚಿಸಿದೆ. ಸಭೆಗೆ ಹೋಗಿ ಎದ್ದುನಿಂತು ಇಷ್ಟು ಕೇಳಿದರೆ ಸಾಕು. ಭಾವಚಿತ್ರಕ್ಕೆ ಹಾಕುವ ಹಾರಕ್ಕಿಂತ ಈ ಪ್ರಶ್ನೆಗಳು ಶಿವರಾಯರಿಗೆ ಪ್ರಿಯವಾಗುತ್ತಿದ್ದವು ಎಂದು ನಾನು ನಂಬಿದ್ದೇನೆ.